ಲೋಡ್ ಏರಿದಾಗ ಆಸ್ಟರಿಸ್ಕ್ ಸರ್ವರ್ ಕುಸಿಯದಂತೆ ಟ್ಯೂನ್ ಮಾಡುವುದು: ಯಾವುದು ಮೊದಲು, ಯಾವುದು ಆಮೇಲೆ

ದಸರಾ ಹತ್ತಿರ ಬಂದಂತೆ ಆಸ್ಟರಿಸ್ಕ್ (ಕಚೇರಿಯ ಫೋನ್ ಕರೆಗಳನ್ನು ಕಂಪ್ಯೂಟರಿನಲ್ಲಿ ನಡೆಸುವ ತಂತ್ರಾಂಶ) ಹಾಕಿಕೊಂಡ ಮೈಸೂರಿನ ಟ್ರಾವೆಲ್ಸ್, ಹೋಟೆಲ್ ಬುಕಿಂಗ್ ಆಫೀಸುಗಳಿಂದ ನನಗೆ ಬರುವ ಫೋನುಗಳೆಲ್ಲ ಒಂದೇ ಥರ. ಮಂಡ್ಯ ಕಡೆಯಿಂದ ಬರುವುದು ಕಬ್ಬು ಅರೆಯುವ ಹಂಗಾಮಿನಲ್ಲಿ. ಕಟಾವು ಆದೇಶ ಕೇಳಲು ರೈತರು ಒಟ್ಟಿಗೆ ಫೋನ್ ಮಾಡುವ ದಿನ. "ಸಾ, ಮಾತು ತುಂಡ್ ತುಂಡಾಗಿ ಬತ್ತದೆ, ಒಂದೊಂದ್ ಸಲ ರಿಂಗೇ ಆಗಲ್ಲ" ಅಂತ. ಏನು ಮಾಡಿದ್ರಿ ಅಂತ ಕೇಳಿದರೆ ಉತ್ತರವೂ ಒಂದೇ: ರ‍್ಯಾಮ್ ಹಾಕಿದ್ವಿ, ಇಂಟರ್‌ನೆಟ್ಟಲ್ಲಿ ಸಿಕ್ಕ ಕರ್ನಲ್ ಸೆಟ್ಟಿಂಗ್ ಅಂಟಿಸಿದ್ವಿ, ಡೀಬಗ್ ಆನ್ ಮಾಡಿ ನೋಡಿದ್ವಿ.

ಮೂರೂ ತಪ್ಪಲ್ಲ, ಕ್ರಮ ತಪ್ಪು. ವಿ.ಸಿ. ನಾಲೆಯ ಕಡೆಯವರಿಗೆ ಇದು ಗೊತ್ತಿರುವ ವಿಷಯ. ನಾಲೆಯಲ್ಲಿ ಹೂಳು ಹಾಗೇ ಇಟ್ಟು ತೂಬು ಮಾತ್ರ ಎತ್ತಿದರೆ ನೀರು ಕೊನೆ ಭಾಗದ ಗದ್ದೆಗೆ ಹೋಗುವುದಿಲ್ಲ, ನಡುವೆ ಎಲ್ಲೋ ಏರಿ ಒಡೆಯುತ್ತದೆ. ಸರ್ವರಿನಲ್ಲೂ ಮೊದಲು ಅಳೆಯಬೇಕು, ಆಮೇಲೆ ಬೇಡದ ಕೆಲಸ ತೆಗೆಯಬೇಕು, ಅದಾದ ಮೇಲೆ ಮಿತಿ ಏರಿಸಬೇಕು. ಹೊಸ ಯಂತ್ರ ಕೊಳ್ಳುವ ಮಾತು ಎಲ್ಲಕ್ಕಿಂತ ಕೊನೆಗೆ.

ಕೆಳಗಿನದೆಲ್ಲ ಲಿನಕ್ಸ್ ಮೇಲೆ ಪಿಜೆಸಿಪ್ (ಕರೆ ಜೋಡಿಸುವ ಸಿಪ್ ಸಂದೇಶಗಳನ್ನು ನೋಡಿಕೊಳ್ಳುವ ಭಾಗ) ಬಳಸಿ ಓಡುವ ಆಸ್ಟರಿಸ್ಕ್‌ಗೆ. ಫ್ರೀಪಿಬಿಎಕ್ಸ್ (ಆಸ್ಟರಿಸ್ಕಿನ ವೆಬ್ ಮುಖ) ಇದ್ದರೂ ಒಳಗಿರುವುದು ಅದೇ. ಇನ್ನೂ ಹಳೆಯ ಚಾನ್_ಸಿಪ್‌ನಲ್ಲೇ ಇದ್ದೀರಾದರೆ ಟ್ಯೂನಿಂಗ್ ಬದಿಗಿಟ್ಟು ಮೊದಲು ಪಿಜೆಸಿಪ್‌ಗೆ ಬನ್ನಿ. ಆಸ್ಟರಿಸ್ಕ್ 21ರಿಂದ ಚಾನ್_ಸಿಪ್ ಅನ್ನು ತೆಗೆದೇ ಹಾಕಿದ್ದಾರೆ. ಕಮಾಂಡುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಎಂದಿನಂತೆ ಇಂಗ್ಲಿಷಿನಲ್ಲೇ ಹೊಡೆಯಿರಿ.

## ಶುರು ಮಾಡುವ ಮೊದಲು ಕೈಯಲ್ಲಿರಬೇಕಾದದ್ದು

ಸರ್ವರಿನ ರೂಟ್ ಲಾಗಿನ್. ಸಿಸ್‌ಸ್ಟ್ಯಾಟ್ ಪ್ಯಾಕೇಜ್ (ಎಂಪಿಸ್ಟ್ಯಾಟ್, ಐಓಸ್ಟ್ಯಾಟ್, ಸಾರ್ ಮೂರೂ ಅದರಲ್ಲೇ ಬರುತ್ತವೆ). ಸಿಪ್ ಸಂದೇಶ ನೋಡಲು ಎಸ್‌ಎನ್‌ಗ್ರೆಪ್. ಪರೀಕ್ಷೆಗೆ ಸಿಪ್‌ಪಿ (ಕೃತಕ ಕರೆ ಹುಟ್ಟಿಸುವ ಪ್ರೋಗ್ರಾಂ), ಅದನ್ನು ಹಾಕಿಕೊಳ್ಳಲು ಬೇರೆಯದೇ ಒಂದು ಕಂಪ್ಯೂಟರ್. ಪರೀಕ್ಷಿಸುವ ಸರ್ವರಿನಲ್ಲೇ ಸಿಪ್‌ಪಿ ಓಡಿಸಿದರೆ ಅಳೆಯುವವನೂ ಅಳೆಸಿಕೊಳ್ಳುವವನೂ ಒಂದೇ ತಟ್ಟೆಯಲ್ಲಿ ಉಂಡಂತೆ.

'/ಇಟಿಸಿ/ಆಸ್ಟರಿಸ್ಕ್' ಫೋಲ್ಡರನ್ನು ಪೂರ್ತಿ ನಕಲು ಮಾಡಿ ಬೇರೆ ಯಂತ್ರದಲ್ಲಿಡಿ. ಆಮೇಲೆ ಒಂದು ನೋಟ್ ಪುಸ್ತಕ: ಎಷ್ಟು ಗಂಟೆಗೆ ಯಾವ ಸಾಲು ಬದಲಾಯಿಸಿದೆ, ಮೊದಲು ಎಷ್ಟಿತ್ತು. ಒಂದು ಸಲಕ್ಕೆ ಒಂದೇ ಬದಲಾವಣೆ. ಐದನ್ನು ಒಟ್ಟಿಗೆ ಬದಲಾಯಿಸಿ ಸರಿಹೋದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ. ಕೆಟ್ಟರೆ ಬೆಳಗಿನ ಜಾವದವರೆಗೂ ಅಲ್ಲೇ ಕೂತಿರಬೇಕು.

## ಹಂತ 1: ಲೋಡ್ ಎಂದರೆ ಎಷ್ಟು, ಲೆಕ್ಕ ಹಾಕಿ

"ನಮ್ಮಲ್ಲಿ 20 ಜನ ಏಜೆಂಟ್ ಇದ್ದಾರೆ, ಹಾಗಾಗಿ 20 ಕರೆ." ಅತಿ ಹೆಚ್ಚು ಕೇಳುವ ತಪ್ಪು ಇದು. ಏಜೆಂಟ್ 20 ಇರಬಹುದು, ಕ್ಯೂನಲ್ಲಿ ಸಂಗೀತ ಕೇಳುತ್ತಾ ಕಾಯುವವರು 60 ಇದ್ದರೆ ಸರ್ವರಿಗೆ ಅವು 80 ಕರೆ.

ಗಂಟೆಗೆ ಬರುವ ಕರೆಗಳ ಸಂಖ್ಯೆಯನ್ನು ಒಂದು ಕರೆಯ ಸರಾಸರಿ ಅವಧಿಯಿಂದ (ಕಾಯುವ ಸಮಯ ಸೇರಿಸಿ) ಗುಣಿಸಿ, 60 ನಿಮಿಷದಿಂದ ಭಾಗಿಸಿ. ಗಂಟೆಗೆ 1200 ಕರೆ, ಒಂದೊಂದು 3 ನಿಮಿಷ ಎಂದರೆ 60 ಎರ್ಲಾಂಗ್, ಅಂದರೆ ಒಂದೇ ಹೊತ್ತಿಗೆ 60 ಕರೆ. ಅದು ಸರಾಸರಿ. ನೂರಕ್ಕೆ ಒಂದಕ್ಕಿಂತ ಹೆಚ್ಚು ಕರೆಗೆ 'ಬ್ಯುಸಿ' ಬರಬಾರದು ಎಂದಾದರೆ ಎರ್ಲಾಂಗ್ ಬಿ ಕೋಷ್ಟಕದ ಪ್ರಕಾರ ಸುಮಾರು 75 ಲೈನ್ ಬೇಕು. ನಿಮ್ಮ ಟ್ರಂಕಿನಲ್ಲಿ (ಫೋನ್ ಕಂಪನಿಯಿಂದ ಬರುವ ಲೈನು) 60 ಚಾನೆಲ್ ಮಾತ್ರ ತೆಗೆದುಕೊಂಡಿದ್ದರೆ ಸರ್ವರ್ ಎಷ್ಟು ಟ್ಯೂನ್ ಮಾಡಿದರೂ ಕರೆ ಬೀಳುತ್ತದೆ. ಅರ್ಧ ಕೇಸು ಇಲ್ಲೇ ಮುಗಿದದ್ದನ್ನು ನೋಡಿದ್ದೇನೆ.

ಇನ್ನೊಂದು ಲೆಕ್ಕ ಪ್ಯಾಕೆಟ್ಟಿನದು. 20 ಮಿಲಿಸೆಕೆಂಡಿಗೆ ಒಂದು ಪ್ಯಾಕೆಟ್ ಎಂದರೆ ಒಂದು ದಿಕ್ಕಿಗೆ ಸೆಕೆಂಡಿಗೆ 50. ಒಂದು ಕರೆಗೆ ಎರಡು ಲೆಗ್: ಹೊರಗಿನವರದ್ದೊಂದು, ಏಜೆಂಟಿನದ್ದೊಂದು. ಅಂದರೆ ಕರೆಯೊಂದಕ್ಕೆ ಸರ್ವರ್ ಸೆಕೆಂಡಿಗೆ 100 ಪ್ಯಾಕೆಟ್ ತೆಗೆದುಕೊಂಡು 100 ಕಳಿಸುತ್ತದೆ. 150 ಕರೆಗೆ ಒಳಗೆ 15,000, ಹೊರಗೆ 15,000. ಬ್ಯಾಂಡ್‌ವಿಡ್ತ್ ನೋಡಿದರೆ ಜಿ.711 ಕೋಡೆಕ್‌ಗೆ (ಕೋಡೆಕ್ ಎಂದರೆ ಧ್ವನಿಯನ್ನು ಅಂಕಿಯಾಗಿ ಕಟ್ಟುವ ವಿಧಾನ) ಈಥರ್ನೆಟ್ ಮೇಲೆ ಒಂದು ದಿಕ್ಕಿಗೆ ಸುಮಾರು 87 ಕೆಬಿಪಿಎಸ್. 100 ಹೊರಗಿನ ಕರೆಗೆ 9 ಎಂಬಿಪಿಎಸ್ ಕೂಡ ಆಗುವುದಿಲ್ಲ. "ನಮ್ಮದು 200 ಎಂಬಿಪಿಎಸ್ ಫೈಬರ್, ಆದರೂ ಹೀಗೆ" ಎನ್ನುವವರಿಗೆ ಉತ್ತರ ಇಲ್ಲಿದೆ. ನರಳಿಸುವುದು ಗಾತ್ರವಲ್ಲ, ಎಣಿಕೆ.

## ಹಂತ 2: ಏನನ್ನೂ ಮುಟ್ಟದೆ ಒಂದು ವಾರ ಅಳೆಯಿರಿ

ವಾರ ಆಗದಿದ್ದರೆ ಕನಿಷ್ಠ ಒಂದು ಗಿಜಿಗುಡುವ ದಿನ. ಬೆಳಿಗ್ಗೆ 10ರಿಂದ 1 ಗಂಟೆಯವರೆಗೆ ಐದು ನಿಮಿಷಕ್ಕೊಮ್ಮೆ ಬರೆದುಕೊಳ್ಳಿ.

ಆಸ್ಟರಿಸ್ಕ್ ಕನ್ಸೋಲಿನಲ್ಲಿ 'ಕೋರ್ ಶೋ ಚಾನೆಲ್ಸ್ ಕೌಂಟ್' ಹೊಡೆದರೆ ಚಾನೆಲ್ ಎಷ್ಟು, ಕರೆ ಎಷ್ಟು ಎಂದು ಬರುತ್ತದೆ. 'ಪಿಜೆಸಿಪ್ ಶೋ ಚಾನೆಲ್‌ಸ್ಟ್ಯಾಟ್ಸ್' ಪ್ರತಿ ಕರೆಯಲ್ಲಿ ಕಳೆದುಹೋದ ಪ್ಯಾಕೆಟ್, ಜಿಟರ್ (ಪ್ಯಾಕೆಟ್ ಬರುವ ಸಮಯದ ಏರಿಳಿತ) ತೋರಿಸುತ್ತದೆ. 'ಕೋರ್ ಶೋ ಟಾಸ್ಕ್‌ಪ್ರೊಸೆಸರ್ಸ್' ಒಳಗಿನ ಸರದಿಗಳ ಪಟ್ಟಿ. ಅದರಲ್ಲಿ 'ಮ್ಯಾಕ್ಸ್ ಡೆಪ್ತ್' ಕಾಲಂ ನೋಡಿ, ದೊಡ್ಡ ಅಂಕಿ ಯಾವ ಹೆಸರಿನ ಮುಂದಿದೆಯೋ ಆ ಹೆಸರನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ಮುಂದೆ ಕೆಲಸಕ್ಕೆ ಬರುತ್ತದೆ.

ಲಿನಕ್ಸ್ ಕಡೆ 'ಎಂಪಿಸ್ಟ್ಯಾಟ್ -ಪಿ ಆಲ್ 1'. 'ಟಾಪ್' ನೋಡಿ "ಸಿಪಿಯು ಬರೀ 13% ಸಾರ್" ಎನ್ನುವವರು ಇಲ್ಲೇ ಜಾರುತ್ತಾರೆ. 8 ಕೋರಿನ ಯಂತ್ರದಲ್ಲಿ ಒಂದು ಕೋರ್ ಪೂರ್ತಿ ತುಂಬಿ ಉಳಿದ ಏಳು ಆಕಳಿಸುತ್ತಿದ್ದರೆ ಸರಾಸರಿ 12.5% ಬರುತ್ತದೆ. ಒಂದೊಂದು ಕೋರನ್ನೂ ಬೇರೆ ಬೇರೆಯಾಗಿ ನೋಡಲೇಬೇಕು.

ಯಾವ ಕಾಲಂ ಏರಿದರೆ ಯಾವ ಹಂತಕ್ಕೆ ಹೋಗಬೇಕು ಎಂಬುದು ಹೀಗೆ. 'ಯೂಸರ್' ಏರಿದ್ದರೆ ಕೋಡೆಕ್ ಬದಲಾವಣೆ, ಅಂದರೆ ಹಂತ 4. 'ಐಓವೇಟ್' ಏರಿದ್ದರೆ ಲಾಗ್, ರೆಕಾರ್ಡಿಂಗ್ ಅಥವಾ ಡೇಟಾಬೇಸ್, ಅಂದರೆ 3, 6, 7. ಒಂದೇ ಕೋರಿನಲ್ಲಿ 'ಸಾಫ್ಟ್' ಏರಿದ್ದರೆ ನೆಟ್‌ವರ್ಕ್ ಕಾರ್ಡ್, ಹಂತ 9. 'ಸ್ಟೀಲ್' ಶೂನ್ಯ ಬಿಟ್ಟು ಮೇಲಕ್ಕೆ ಬಂದಿದ್ದರೆ ನೀವಿರುವುದು ವರ್ಚುವಲ್ ಯಂತ್ರದಲ್ಲಿ, ಪಕ್ಕದ ಬಾಡಿಗೆದಾರ ನಿಮ್ಮ ಸಿಪಿಯು ತಿನ್ನುತ್ತಿದ್ದಾನೆ. ಆಗ ಒಳಗೆ ಏನು ತಿರುಚಿದರೂ ಪ್ರಯೋಜನವಿಲ್ಲ, ಹೋಸ್ಟ್ ಕಂಪನಿಯ ಹತ್ತಿರ ಮೀಸಲು ಕೋರ್ ಕೇಳಬೇಕು. ಎಲ್ಲವೂ ತಣ್ಣಗಿದ್ದು ಕರೆ ಮಾತ್ರ ಬೀಳುತ್ತಿದ್ದರೆ ಯಾವುದೋ ಮಿತಿಗೆ ತಲೆ ಹೊಡೆದಿದೆ, ಅದು ಹಂತ 8.

## ಹಂತ 3: ಲಾಗ್ ಬಾಯಿ ಮುಚ್ಚಿಸಿ

ಒಂದು ಟ್ರಾವೆಲ್ಸ್ ಆಫೀಸಿನ ಸರ್ವರ್ ವಾರಕ್ಕೊಮ್ಮೆ ರೀಸ್ಟಾರ್ಟ್ ಮಾಡಿದರೆ ಎರಡು ದಿನ ಚೆನ್ನಾಗಿರುತ್ತಿತ್ತು, ಆಮೇಲೆ ಮತ್ತೆ ಅದೇ ಗೋಳು. ಮೆಮೊರಿ ಸೋರಿಕೆ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ನೋಡಿದರೆ ಏನಾದರೂ ತೊಂದರೆ ಬಂದಾಗಲೆಲ್ಲ ಯಾರೋ ಕನ್ಸೋಲಿನಲ್ಲಿ ಡೀಬಗ್ ಆನ್ ಮಾಡಿ, ಆಫ್ ಮಾಡದೆ ಎದ್ದು ಹೋಗುತ್ತಿದ್ದರು. ಕನ್ಸೋಲಿನಲ್ಲಿ ಹೊಡೆದ ಡೀಬಗ್ ರೀಸ್ಟಾರ್ಟ್ ಆದಾಗ ತಾನಾಗಿ ಅಳಿಯುತ್ತದೆ, ಹಾಗಾಗಿ ರೀಸ್ಟಾರ್ಟೇ ಮದ್ದಿನಂತೆ ಕಂಡಿತ್ತು. ಆ 'ಯಾರೋ' ಎಂಬುವವರಲ್ಲಿ ಎರಡು ಸಲ ನಾನೂ ಇದ್ದೆ.

'ಕೋರ್ ಸೆಟ್ ಡೀಬಗ್ 0', 'ಕೋರ್ ಸೆಟ್ ವರ್ಬೋಸ್ 0', 'ಪಿಜೆಸಿಪ್ ಸೆಟ್ ಲಾಗರ್ ಆಫ್', 'ಆರ್‌ಟಿಪಿ ಸೆಟ್ ಡೀಬಗ್ ಆಫ್'. ಕೊನೆಯದು ಮುಖ್ಯ, ಆರ್‌ಟಿಪಿ ಎಂದರೆ ಧ್ವನಿ ಸಾಗಿಸುವ ಪ್ಯಾಕೆಟ್. ಅದರ ಡೀಬಗ್ ಆನ್ ಇದ್ದರೆ ಪ್ರತಿ ಪ್ಯಾಕೆಟ್ಟಿಗೂ ಒಂದು ಸಾಲು ಬರೆಯುತ್ತದೆ. 150 ಕರೆಗೆ ಸೆಕೆಂಡಿಗೆ 30,000 ಸಾಲು, ಲೆಕ್ಕ ನೀವೇ ಹಾಕಿಕೊಳ್ಳಿ.

ಆಮೇಲೆ 'ಲಾಗರ್.ಕಾನ್ಫ್' ತೆರೆದು ಮುಖ್ಯ ಫೈಲಿನಲ್ಲಿ ನೋಟಿಸ್, ವಾರ್ನಿಂಗ್, ಎರರ್, ಸೆಕ್ಯುರಿಟಿ ಮಾತ್ರ ಉಳಿಸಿ. ಪಕ್ಕದ ಟರ್ಮಿನಲಿನಲ್ಲಿ ಐದಾರು 'ವಿ' ಹಾಕಿ ತೆರೆದಿಟ್ಟ ಆಸ್ಟರಿಸ್ಕ್ ಕನ್ಸೋಲ್ ಇದ್ದರೆ ಮುಚ್ಚಿ. ಟಿಮಕ್ಸ್ (ಎದ್ದು ಹೋದರೂ ಓಡುತ್ತಲೇ ಇರುವ ಟರ್ಮಿನಲ್) ಒಳಗೆ ತಿಂಗಳುಗಟ್ಟಲೆ ಮರೆತುಹೋದ ಕನ್ಸೋಲುಗಳು ಸಿಗುತ್ತವೆ, ಹುಡುಕಿ.

## ಹಂತ 4: ಕೋಡೆಕ್ ಒಂದೇ ಇರಲಿ, ತುದಿಯಿಂದ ತುದಿಗೆ

ನನ್ನ ಅನುಭವದಲ್ಲಿ ಅತಿ ಹೆಚ್ಚು ಸಿಪಿಯು ವಾಪಸ್ ಸಿಗುವುದು ಇಲ್ಲಿ. ಒಂದು ಕಡೆ ಬಂದ ಕೋಡೆಕ್ ಇನ್ನೊಂದು ಕಡೆ ಬೇರೆಯಾಗಿದ್ದರೆ ಸರ್ವರ್ ಸೆಕೆಂಡಿಗೆ 50 ಸಲ ಬಿಚ್ಚಿ ಮತ್ತೆ ಕಟ್ಟಬೇಕು, ಎರಡೂ ದಿಕ್ಕಿನಲ್ಲಿ.

ಮೊದಲು ಪತ್ತೆ. ಮಾತಾಡುತ್ತಿರುವ ಒಂದು ಕರೆ ಹಿಡಿದು 'ಕೋರ್ ಶೋ ಚಾನೆಲ್' ಮುಂದೆ ಚಾನೆಲಿನ ಹೆಸರು ಹೊಡೆಯಿರಿ. 'ರೀಡ್‌ಟ್ರಾನ್ಸ್‌ಕೋಡ್', 'ರೈಟ್‌ಟ್ರಾನ್ಸ್‌ಕೋಡ್' ಎಂಬ ಎರಡು ಸಾಲು ಬರುತ್ತವೆ. ಮುಂದೆ 'ಯೆಸ್' ಇದ್ದರೆ ಕೆಲಸ ಇದೆ. 'ಕೋರ್ ಶೋ ಟ್ರಾನ್ಸ್‌ಲೇಶನ್' ಹೊಡೆದರೆ ಯಾವುದರಿಂದ ಯಾವುದಕ್ಕೆ ಬದಲಾಯಿಸಲು ಎಷ್ಟು ಶ್ರಮ ಎಂಬ ಚೌಕ ಬರುತ್ತದೆ.

ಭಾರತದ ಟೆಲಿಫೋನ್ ಜಾಲ ಎ-ಲಾ ಬಳಸುತ್ತದೆ, ಅಮೆರಿಕದ್ದು ಮ್ಯೂ-ಲಾ. ಎರಡೂ ಜಿ.711ರ ಬಗೆಗಳೇ, ಕಾನ್ಫಿಗ್‌ನಲ್ಲಿ ಅವುಗಳ ಹೆಸರು ಎಲಾ, ಯೂಲಾ. ಇಂಟರ್‌ನೆಟ್ಟಿನಿಂದ ನಕಲು ಮಾಡಿದ ಕಾನ್ಫಿಗ್ ಬಹುಪಾಲು ಅಮೆರಿಕದವರದ್ದು, ಹಾಗಾಗಿ ಅದರಲ್ಲಿ ಯೂಲಾ ಮುಂದೆ ಇರುತ್ತದೆ. ಟ್ರಂಕಿನಿಂದ ಎಲಾ ಬಂದು ಫೋನಿಗೆ ಯೂಲಾ ಹೋಗುತ್ತದೆ. ಇವೆರಡರ ನಡುವಿನ ಬದಲಾವಣೆ ಅಗ್ಗದ್ದೇ, ಆದರೂ ಬೇಡದ ಕೆಲಸ ಬೇಡದ ಕೆಲಸವೇ. ಇದಕ್ಕಿಂತ ಕೆಟ್ಟದ್ದು ಜಿ.722. ಎಚ್‌ಡಿ ಧ್ವನಿ ಎಂದು ಹೇಳಿಕೊಳ್ಳುವ ಎಷ್ಟೋ ಡೆಸ್ಕ್ ಫೋನುಗಳು ಪೆಟ್ಟಿಗೆಯಿಂದ ತೆಗೆದಾಗಲೇ ಅದನ್ನು ಮೊದಲ ಆಯ್ಕೆ ಮಾಡಿಕೊಂಡಿರುತ್ತವೆ. ಹೊರಗಿನ ಕರೆ ಬರುವುದು ಎಲಾದಲ್ಲಿ, ಅಲ್ಲಿಗೆ ಎಚ್‌ಡಿಯೂ ಸಿಗಲಿಲ್ಲ, ಸಿಪಿಯುವೂ ಹೋಯಿತು.

ಮದ್ದು: ಎಲ್ಲ ಎಂಡ್‌ಪಾಯಿಂಟ್‌ನಲ್ಲೂ (ಒಂದೊಂದು ಫೋನಿನ ಸೆಟ್ಟಿಂಗ್), ಟ್ರಂಕಿನಲ್ಲೂ ಮೊದಲು ಎಲ್ಲ ಕೋಡೆಕ್ ತೆಗೆದು ('ಡಿಸ್‌ಅಲೋ' ಮುಂದೆ 'ಆಲ್') ಆಮೇಲೆ 'ಅಲೋ' ಮುಂದೆ 'ಎಲಾ' ಒಂದನ್ನೇ ಹಾಕಿ. ಮೊದಲ ಸಾಲು ಬಿಟ್ಟರೆ ಮೊದಲೇ ಹಾಕಿದ್ದ ಕೋಡೆಕ್‌ಗಳು ಹಾಗೇ ಉಳಿಯಬಹುದು. ಫೋನಿನ ಮೆನುವಿನಲ್ಲೂ ಇದೇ ಕ್ರಮ ಇರಲಿ.

ಇಷ್ಟು ಮಾಡಿ ನಿಲ್ಲಿಸಬೇಡಿ. ಕ್ಯೂನಲ್ಲಿ ಕೇಳಿಸುವ ಸಂಗೀತ ಎಂಪಿ3 ಆಗಿದ್ದರೆ ಕಾಯುವ ಜನ ಹೆಚ್ಚಿದಷ್ಟೂ ಬಿಚ್ಚುವ ಕೆಲಸ ಹೆಚ್ಚುತ್ತದೆ. ಅದೂ ಸರ್ವರ್ ಅತಿ ಹೆಚ್ಚು ದಣಿದಿರುವ ಹೊತ್ತಿನಲ್ಲೇ. ಸೋಕ್ಸ್ ಬಳಸಿ 8,000 ಹರ್ಟ್ಸ್, ಮೋನೋ, ಎಲಾ ಫೈಲ್ ಮಾಡಿ ಅದೇ ಫೋಲ್ಡರಿನಲ್ಲಿಡಿ. "ಕನ್ನಡಕ್ಕಾಗಿ ಒಂದನ್ನು ಒತ್ತಿ" ಎಂಬ ಘೋಷಣೆಗಳಿಗೂ ಹೀಗೇ. ಆಸ್ಟರಿಸ್ಕ್ ಕನ್ಸೋಲಿನಲ್ಲೇ 'ಫೈಲ್ ಕನ್ವರ್ಟ್' ಇದೆ, ಒಂದೊಂದಾಗಿ ಬದಲಾಯಿಸಬಹುದು. ಒಂದೇ ಹೆಸರಿನ ಎಲಾ ಪ್ರತಿ ಇದ್ದರೆ ಆಸ್ಟರಿಸ್ಕ್ ಕಡಿಮೆ ಶ್ರಮದ್ದನ್ನೇ ಆರಿಸಿಕೊಳ್ಳುತ್ತದೆ, ಡಯಲ್‌ಪ್ಲಾನ್ (ಯಾವ ಕರೆಗೆ ಏನು ಮಾಡಬೇಕೆಂಬ ನಿಯಮಗಳು) ಮುಟ್ಟಬೇಕಿಲ್ಲ.

ಬ್ರೌಸರಿನಿಂದ ಮಾತಾಡುವ ಏಜೆಂಟುಗಳಿದ್ದರೆ ಅಲ್ಲಿಯೂ ಓಪಸ್ ಬದಲು ಎಲಾ ಕೊಟ್ಟು ನೋಡಿ, ಬ್ರೌಸರುಗಳು ಜಿ.711 ಒಪ್ಪುತ್ತವೆ. ಗೂಢಲಿಪಿಯ ಖರ್ಚು ಮಾತ್ರ ಹಾಗೇ ಉಳಿಯುತ್ತದೆ.

## ಹಂತ 5: ಸಾಧ್ಯವಿದ್ದಲ್ಲಿ ಧ್ವನಿಯನ್ನು ಸರ್ವರಿನಿಂದ ಹೊರಗೆ ಹಾಯಿಸಿ

ಒಂದೇ ಕಟ್ಟಡದ ಎರಡು ಫೋನುಗಳ ನಡುವಿನ ಮಾತು ಸರ್ವರಿಗೆ ಬಂದು ಹೋಗಬೇಕಿಲ್ಲ. ಎಂಡ್‌ಪಾಯಿಂಟಿನಲ್ಲಿ 'ಡೈರೆಕ್ಟ್_ಮೀಡಿಯಾ' ಮುಂದೆ 'ಯೆಸ್' ಇದ್ದರೆ ಧ್ವನಿ ಫೋನಿನಿಂದ ಫೋನಿಗೇ ಹೋಗುತ್ತದೆ. ರೆಕಾರ್ಡಿಂಗ್ ಇರುವ ಕರೆಯಲ್ಲಿ, ಎನ್‌ಎಟಿ (ಹಲವು ಯಂತ್ರಗಳು ಒಂದೇ ಹೊರವಿಳಾಸ ಹಂಚಿಕೊಳ್ಳುವ ವ್ಯವಸ್ಥೆ) ಹಿಂದಿರುವ ಫೋನಿನಲ್ಲಿ ಇದು ನಡೆಯುವುದಿಲ್ಲ. ಆನ್ ಮಾಡಿದ ಮೇಲೆ ಒಬ್ಬರ ಮಾತು ಮಾತ್ರ ಕೇಳಿಸಿದರೆ ನಡುವೆ ಎನ್‌ಎಟಿ ಇದೆ ಎಂದರ್ಥ, ವಾಪಸ್ 'ನೋ' ಮಾಡಿ. ಕಾಲ್ ಸೆಂಟರಿನಲ್ಲಿ ಇದರಿಂದ ಲಾಭ ಕಡಿಮೆ, ಹೆಚ್ಚು ಹೊತ್ತು ಕಳೆಯಬೇಡಿ.

## ಹಂತ 6: ರೆಕಾರ್ಡಿಂಗ್ ಡಿಸ್ಕನ್ನು ಕೊಲ್ಲದಿರಲಿ

8,000 ಹರ್ಟ್ಸ್, 16 ಬಿಟ್ ವೇವ್ ಫೈಲ್ ಸೆಕೆಂಡಿಗೆ 16,000 ಬೈಟ್ ತೆಗೆದುಕೊಳ್ಳುತ್ತದೆ, ನಿಮಿಷಕ್ಕೆ 960 ಕೆಬಿ. 150 ಕರೆ ಎಂದರೆ ಸೆಕೆಂಡಿಗೆ 2.4 ಎಂಬಿ. ಹಳೆಯ ಹಾರ್ಡ್ ಡಿಸ್ಕಿಗೂ ಇದು ಏನೂ ಅಲ್ಲ ಅನಿಸುತ್ತದೆ. ಆದರೆ ಅದು ಒಂದು ಫೈಲಲ್ಲ, ಒಟ್ಟಿಗೆ ಬೆಳೆಯುವ 150 ಫೈಲ್. ತಿರುಗುವ ಡಿಸ್ಕಿನ ಸೂಜಿ 150 ಕಡೆ ಓಡಾಡಬೇಕು. ಅದೇ ಡಿಸ್ಕಿನಲ್ಲಿ ಡೇಟಾಬೇಸ್ ಇದ್ದು, ಮಧ್ಯಾಹ್ನ 12ಕ್ಕೆ ಯಾರೋ ಬ್ಯಾಕಪ್ ಇಟ್ಟಿದ್ದರೆ ಮುಗಿಯಿತು.

ಅತಿ ಸಾಮಾನ್ಯ ತಪ್ಪು ಮಿಕ್ಸ್‌ಮಾನಿಟರಿನ (ಕರೆ ರೆಕಾರ್ಡ್ ಮಾಡುವ ಆದೇಶ) ಮೂರನೆಯ ಜಾಗದಲ್ಲಿದೆ. ಕರೆ ಮುಗಿದ ಮೇಲೆ ಓಡಿಸುವ ಕಮಾಂಡನ್ನು ಅಲ್ಲಿ ಕೊಡಬಹುದು. ಎಲ್ಲರೂ ಅಲ್ಲಿಗೆ ಎಂಪಿ3 ಮಾಡುವ ಲೇಮ್ ಹಾಕಿಬಿಡುತ್ತಾರೆ. ಗಿಜಿಗುಡುವ ಹೊತ್ತಿನಲ್ಲಿ ಒಂದೇ ಕ್ಷಣಕ್ಕೆ 20 ಕರೆ ಮುಗಿದರೆ 20 ಲೇಮ್ ಎದ್ದು ನಿಲ್ಲುತ್ತವೆ, ನಡೆಯುತ್ತಿರುವ ಕರೆಗಳ ಧ್ವನಿ ಆಗಲೇ ಕೆಡುವುದು. ಅರ್ಧ ನಿಮಿಷ ತುಂಡಾಗಿ ಮತ್ತೆ ಸರಿಹೋಗುತ್ತದೆ, ಹಾಗಾಗಿ ಯಾರಿಗೂ ಹಿಡಿಯಲು ಸಿಗುವುದಿಲ್ಲ.

ಹೀಗೆ ಮಾಡಿ. ರೆಕಾರ್ಡಿಂಗಿಗೆ ಬೇರೆ ಎಸ್‌ಎಸ್‌ಡಿ. ಎಂಪಿ3 ಬದಲಾವಣೆ ರಾತ್ರಿ 11ರ ಮೇಲೆ ಕ್ರಾನ್ ಮೂಲಕ, 'ನೈಸ್' ಮತ್ತು 'ಐಓನೈಸ್' ಹಾಕಿ, ಒಂದಾದ ಮೇಲೊಂದು. ಮಿಕ್ಸ್‌ಮಾನಿಟರಿಗೆ 'ಬಿ' ಆಯ್ಕೆ ಕೊಟ್ಟರೆ ಇಬ್ಬರೂ ಜೋಡಣೆಯಾದ ಮೇಲಿನದ್ದು ಮಾತ್ರ ಉಳಿಯುತ್ತದೆ, ಕಾಯುವವರಿಗೆ ಕೇಳಿಸಿದ ಸಂಗೀತವನ್ನು ರೆಕಾರ್ಡ್ ಮಾಡಿ ಇಟ್ಟುಕೊಂಡು ಯಾರಿಗೇನು?

ಎಸ್‌ಎಸ್‌ಡಿಗೆ ದುಡ್ಡಿಲ್ಲ ಎಂದರೆ ರ‍್ಯಾಮ್ ಒಳಗಿನ ಟೆಂಪ್‌ಎಫ್‌ಎಸ್‌ನಲ್ಲಿ ಬರೆದು, ಕರೆ ಮುಗಿದ ಮೇಲೆ ಡಿಸ್ಕಿಗೆ ಸಾಗಿಸಬಹುದು. ಲೆಕ್ಕ ಮರೆಯಬೇಡಿ: 150 ಕರೆ, ಒಂದೊಂದು 10 ನಿಮಿಷ ಎಂದರೆ 1.4 ಜಿಬಿಗಿಂತ ಮೇಲೆ. ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟರೆ ಆ ಹೊತ್ತಿನ ರೆಕಾರ್ಡಿಂಗ್ ಅಷ್ಟೂ ಹೋದಂತೆ, ಮಾಲೀಕರಿಗೆ ಮೊದಲೇ ಹೇಳಿಟ್ಟಿರಿ.

## ಹಂತ 7: ಡೇಟಾಬೇಸ್, ಎಜಿಐ, ಡ್ಯಾಶ್‌ಬೋರ್ಡ್

ಡಯಲ್‌ಪ್ಲಾನಿನಲ್ಲಿ ಎಜಿಐ (ಕರೆಯ ನಡುವೆ ಹೊರಗಿನ ಪ್ರೋಗ್ರಾಂ ಓಡಿಸುವ ದಾರಿ) ಬಳಸಿದರೆ ಪ್ರತಿ ಕರೆಗೂ ಹೊಸ ಪ್ರಕ್ರಿಯೆ ಹುಟ್ಟುತ್ತದೆ. ಪಿಎಚ್‌ಪಿ ಅಥವಾ ಪೈಥಾನ್ ಎದ್ದು, ಡೇಟಾಬೇಸಿಗೆ ಹೊಸ ಸಂಪರ್ಕ ತೆಗೆದು, ಒಂದು ಸಾಲು ಓದಿ ಸಾಯುತ್ತದೆ. ಅದನ್ನು ಫಾಸ್ಟ್‌ಎಜಿಐಗೆ ಬದಲಾಯಿಸಿ. ಸದಾ ಎದ್ದಿರುವ ಒಂದು ಸೇವೆ, 4573ನೇ ಪೋರ್ಟಿನಲ್ಲಿ ಕೇಳುತ್ತಿರುತ್ತದೆ, ಬೇರೆ ಯಂತ್ರದಲ್ಲೂ ಇಡಬಹುದು.

ಕರೆಗಳ ವಿವರವನ್ನು ಒಂದೊಂದಾಗಿ ಬರೆಯುವ ಬದಲು 'ಸಿಡಿಆರ್.ಕಾನ್ಫ್'ನಲ್ಲಿ 'ಬ್ಯಾಚ್' ಆನ್ ಮಾಡಿ. 100 ದಾಖಲೆ ಅಥವಾ 300 ಸೆಕೆಂಡ್, ಯಾವುದು ಮೊದಲೋ ಆಗ ಒಟ್ಟಿಗೆ ಬರೆಯುತ್ತದೆ. ಸರ್ವರ್ ಆ ನಡುವೆ ಬಿದ್ದರೆ ಬರೆಯದೆ ಉಳಿದವು ಕಳೆಯುತ್ತವೆ. ಸಿಡಿಆರ್ ನೋಡಿ ಬಿಲ್ ಮಾಡುವವರು 300ನ್ನು 30ಕ್ಕೆ ಇಳಿಸಿಕೊಳ್ಳಲಿ.

ಗೋಡೆಯ ಮೇಲಿನ ಟಿವಿಯಲ್ಲಿ ಕ್ಯೂ ತೋರಿಸುವ ಡ್ಯಾಶ್‌ಬೋರ್ಡ್ ಇದ್ದರೆ ಅದು ಎಎಮ್‌ಐ (ಹೊರಗಿನ ಪ್ರೋಗ್ರಾಂ ಆಸ್ಟರಿಸ್ಕ್ ಜೊತೆ ಮಾತಾಡುವ ದಾರಿ) ಮೂಲಕ ಎಲ್ಲ ಘಟನೆಗಳನ್ನೂ ಕೇಳುತ್ತಿರಬಹುದು. 'ಮ್ಯಾನೇಜರ್.ಕಾನ್ಫ್'ನಲ್ಲಿ ಆ ಬಳಕೆದಾರನಿಗೆ ಬೇಕಾದ ಓದುವ ಅನುಮತಿ ಮಾತ್ರ ಉಳಿಸಿ. ಮ್ಯಾನೇಜರುಗಳು ಆರು ಜನ ಆರು ಬ್ರೌಸರಿನಲ್ಲಿ ಸೆಕೆಂಡಿಗೊಮ್ಮೆ ರಿಫ್ರೆಶ್ ಆಗುವ ಪುಟ ತೆರೆದಿಟ್ಟ ಆಫೀಸನ್ನೂ ನೋಡಿದ್ದೇನೆ. ಅದಕ್ಕೆ ಕಾನ್ಫಿಗ್ ಇಲ್ಲ, ಎದ್ದು ಹೋಗಿ ಹೇಳಬೇಕು.

## ಹಂತ 8: ಈಗ ಮಿತಿ ಏರಿಸಿ

ಇದನ್ನು ಮೊದಲೇ ಮಾಡಬೇಡಿ ಎಂದು ಹೇಳಿದ್ದು ಯಾಕೆಂದರೆ, ಮಿತಿ ಎಷ್ಟೋ ಸಲ ಸರ್ವರನ್ನು ಕಾಪಾಡುತ್ತಿರುತ್ತದೆ. ಹೂಳು ತೆಗೆಯದೆ ಮಿತಿ ಎತ್ತಿದರೆ 80 ಕರೆಯಲ್ಲಿ 10 ಬೀಳುವ ಬದಲು 120 ಕರೆಯೂ ಒಟ್ಟಿಗೆ ಕೆಡುತ್ತವೆ.

ಫೈಲ್ ಮಿತಿ. ಲಿನಕ್ಸಿನಲ್ಲಿ ಒಂದು ಪ್ರಕ್ರಿಯೆ ತೆರೆಯಬಹುದಾದ ಫೈಲುಗಳ ಎಂದಿನ ಮಿತಿ 1024. ಎರಡು ಲೆಗ್ಗಿನ ಕರೆಗೆ ಆರ್‌ಟಿಪಿ, ಆರ್‌ಟಿಸಿಪಿ (ಆರ್‌ಟಿಪಿಯ ಜೊತೆ ಹೋಗುವ ವರದಿ) ಸೇರಿ ನಾಲ್ಕು ಸಾಕೆಟ್, ಮೇಲೆ ಟೈಮರ್, ರೆಕಾರ್ಡಿಂಗ್ ಫೈಲ್ ಇತ್ಯಾದಿ. ನೂರು ಚಿಲ್ಲರೆ ಕರೆಗೇ ಮಿತಿ ಮುಟ್ಟುತ್ತದೆ, ಲಾಗಿನಲ್ಲಿ 'ಟೂ ಮೆನಿ ಓಪನ್ ಫೈಲ್ಸ್' ಬರುತ್ತದೆ. ಎಲ್ಲರೂ 'ಲಿಮಿಟ್ಸ್.ಕಾನ್ಫ್' ತಿದ್ದಿ "ಆಯ್ತು ಸಾರ್" ಎನ್ನುತ್ತಾರೆ. ಸಿಸ್ಟಮ್‌ಡಿ ಎಬ್ಬಿಸುವ ಸೇವೆಗೆ ಆ ಫೈಲ್ ಅನ್ವಯಿಸುವುದಿಲ್ಲ. 'ಸಿಸ್ಟಮ್‌ಸಿಟಿಎಲ್ ಎಡಿಟ್ ಆಸ್ಟರಿಸ್ಕ್' ಹೊಡೆದು ಸರ್ವಿಸ್ ವಿಭಾಗದಲ್ಲಿ 'ಲಿಮಿಟ್‌ನೋಫೈಲ್' 65536 ಮಾಡಿ, ಆಸ್ಟರಿಸ್ಕ್ ರೀಸ್ಟಾರ್ಟ್ ಮಾಡಿ, ಆಮೇಲೆ '/ಪ್ರಾಕ್' ಒಳಗೆ ಆಸ್ಟರಿಸ್ಕಿನ ಪ್ರಕ್ರಿಯೆ ಸಂಖ್ಯೆಯ ಫೋಲ್ಡರಿನಲ್ಲಿ 'ಲಿಮಿಟ್ಸ್' ಫೈಲ್ ಓದಿ ಖಾತರಿ ಮಾಡಿಕೊಳ್ಳಿ. ಕಣ್ಣಾರೆ ನೋಡದೆ ನಂಬಬೇಡಿ.

ಆರ್‌ಟಿಪಿ ಪೋರ್ಟ್. 'ಆರ್‌ಟಿಪಿ.ಕಾನ್ಫ್'ನಲ್ಲಿ 10000ರಿಂದ 20000 ಇದ್ದರೆ, ಲೆಗ್ಗಿಗೆ ಎರಡು ಪೋರ್ಟಿನಂತೆ ಸುಮಾರು 2,500 ಕರೆಗೆ ಸಾಕು. ಹೆಚ್ಚಿಸಬೇಕಿಲ್ಲ. ತೊಂದರೆ ಬರುವುದು 'ಭದ್ರತೆಗಾಗಿ' ಯಾರೋ ಫೈರ್‌ವಾಲಿನಲ್ಲಿ 10000ರಿಂದ 10200 ಮಾತ್ರ ಬಿಟ್ಟಿರುವಾಗ. ಲಕ್ಷಣ: ಕೆಲವು ಕರೆಯಲ್ಲಿ ಮಾತ್ರ ಒಂದು ಕಡೆಯ ಧ್ವನಿ ಇಲ್ಲ, ಮತ್ತೆ ಮಾಡಿದರೆ ಸರಿ. ಎರಡೂ ಕಡೆ ಅಂಕಿ ಒಂದೇ ಇರಬೇಕು.

ಕಾನ್‌ಟ್ರ್ಯಾಕ್. 'ಡಿಮೆಸ್ಜಿ'ಯಲ್ಲಿ 'ಎನ್ಎಫ್_ಕಾನ್‌ಟ್ರ್ಯಾಕ್: ಟೇಬಲ್ ಫುಲ್' ಎಂದು ಕಂಡರೆ ಫೈರ್‌ವಾಲ್ ತನ್ನ ಪಟ್ಟಿ ತುಂಬಿ ಪ್ಯಾಕೆಟ್ ಎಸೆಯುತ್ತಿದೆ. ಪಟ್ಟಿ ದೊಡ್ಡದು ಮಾಡಿ, ಇಲ್ಲವೇ ಆರ್‌ಟಿಪಿ ಪೋರ್ಟುಗಳನ್ನು ಪಟ್ಟಿಯಿಂದಲೇ ಹೊರಗಿಡಿ. ಹೊರಗಿಡುವಾಗ ಆ ಪೋರ್ಟುಗಳಿಗೆ ಒಳಹೋಗುವ ಅನುಮತಿಯ ಸಾಲು ಬೇರೆಯಾಗಿ ಇದೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ಧ್ವನಿ ಪೂರ್ತಿ ನಿಲ್ಲುತ್ತದೆ.

ಟಾಸ್ಕ್‌ಪ್ರೊಸೆಸರ್ ಎಚ್ಚರಿಕೆ. ಲಾಗಿನಲ್ಲಿ ಯಾವುದೋ ಸರದಿ '500 ಷೆಡ್ಯೂಲ್ಡ್ ಟಾಸ್ಕ್ಸ್' ಮುಟ್ಟಿತು ಎಂದು ಬಂದರೆ ನಿರ್ಲಕ್ಷಿಸಬೇಡಿ. ಆ ಮಟ್ಟ ದಾಟಿದಾಗ ಪಿಜೆಸಿಪ್ ಹೊಸ ಕೋರಿಕೆಗಳಿಗೆ ಉತ್ತರ ಕೊಡುವುದನ್ನೇ ನಿಲ್ಲಿಸುತ್ತದೆ. ಎಂದಿನ ಸೆಟ್ಟಿಂಗಿನಲ್ಲಿ ಆಸ್ಟರಿಸ್ಕಿನ ಯಾವ ಸರದಿ ತುಂಬಿದರೂ ಹೀಗೆ. ಅಂದರೆ ಡೇಟಾಬೇಸಿಗೆ ಬರೆಯುವ ಸರದಿ ತುಂಬಿದ್ದಕ್ಕೆ ಫೋನು ರಿಜಿಸ್ಟರ್ ಆಗದೆ ಹೋಗಬಹುದು, ನೀವು ಫೋನಿನಲ್ಲಿ ತಪ್ಪು ಹುಡುಕುತ್ತಾ ಕೂತಿರುತ್ತೀರಿ. ಹಂತ 2ರಲ್ಲಿ ಬರೆದುಕೊಂಡ ಹೆಸರು ಈಗ ತೆಗೆಯಿರಿ. ಹೆಸರು 'ಸ್ಟಾಸಿಸ್' ಎಂದು ಶುರುವಾಗಿ ಡೇಟಾಬೇಸ್, ಕ್ಯೂ, ಎಎಮ್‌ಐ ಕಡೆ ಬೆರಳು ತೋರಿಸಿದರೆ ಹಂತ 7ಕ್ಕೆ ವಾಪಸ್ ಹೋಗಿ. 'ಪಿಜೆಸಿಪ್' ಎಂದಿದ್ದರೆ ಮಾತ್ರ 'ಪಿಜೆಸಿಪ್.ಕಾನ್ಫ್'ನ ಸಿಸ್ಟಮ್ ವಿಭಾಗದಲ್ಲಿ ಥ್ರೆಡ್‌ಪೂಲ್ ಗಾತ್ರ (ಎಂದಿನ ಗರಿಷ್ಠ 50) ಏರಿಸಿ ನೋಡಬಹುದು. ನಿಧಾನ ಡೇಟಾಬೇಸಿಗೆ ಹೆಚ್ಚು ಥ್ರೆಡ್ ಕೊಟ್ಟರೆ ಕಾಯುವವರ ಸಾಲು ಉದ್ದವಾಗುತ್ತದೆ ಅಷ್ಟೆ.

ಬಾಗಿಲಿಗೆ ಚಿಲಕ. 'ಆಸ್ಟರಿಸ್ಕ್.ಕಾನ್ಫ್'ನಲ್ಲಿ 'ಮ್ಯಾಕ್ಸ್‌ಕಾಲ್ಸ್' ಇದೆ. ಪರೀಕ್ಷೆಯಲ್ಲಿ ತಡೆದುಕೊಂಡ ಅಂಕಿಗಿಂತ ಕಡಿಮೆ ಹಾಕಿ. ಅದರ ಪಕ್ಕದ 'ಮ್ಯಾಕ್ಸ್‌ಲೋಡ್' 0.9 ಸಾಲಿನ ಮುಂದಿರುವ ಅರ್ಧವಿರಾಮ ಚಿಹ್ನೆ (;) ತೆಗೆದು ಕೈ ಸುಟ್ಟುಕೊಂಡವರು ಬಹಳ. ಅದು 90% ಅಲ್ಲ, ಒಂದು ನಿಮಿಷದ ಲೋಡ್ ಆವರೇಜ್. 8 ಕೋರಿನ ಯಂತ್ರದಲ್ಲಿ 0.9 ಎಂದರೆ ಸರ್ವರ್ ಇನ್ನೂ ಮೈಮುರಿಯುತ್ತಿದೆ, ಆಗಲೇ ಕರೆ ನಿರಾಕರಿಸಲು ಶುರುಮಾಡುತ್ತದೆ.

## ಹಂತ 9: ಕರ್ನಲ್ ಮತ್ತು ನೆಟ್‌ವರ್ಕ್ ಕಾರ್ಡ್

'ನೆಟ್‌ಸ್ಟ್ಯಾಟ್ -ಎಸ್‌ಯು' ಹೊಡೆದು 'ರಿಸೀವ್ ಬಫರ್ ಎರರ್ಸ್' ನೋಡಿ. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ಅಂಕಿ ಬೆಳೆಯದಿದ್ದರೆ ಬಫರ್ ಮುಟ್ಟಬೇಡಿ. ಬೆಳೆಯುತ್ತಿದ್ದರೆ 'ಆರ್‌ಮೆಮ್_ಡಿಫಾಲ್ಟ್', 'ಆರ್‌ಮೆಮ್_ಮ್ಯಾಕ್ಸ್' ಎರಡನ್ನೂ ಎಂದಿನ 212992ರಿಂದ 1 ಎಂಬಿಗೆ ಏರಿಸಿ, ಆಸ್ಟರಿಸ್ಕ್ ರೀಸ್ಟಾರ್ಟ್ ಮಾಡಿ, ಮತ್ತೆ ಅಳೆಯಿರಿ. ಯುಡಿಪಿಯಲ್ಲಿ ಎಲ್ಲ ಫೋನುಗಳ ಸಿಪ್ ಸಂದೇಶವೂ 5060ರ ಒಂದೇ ಸಾಕೆಟ್ಟಿಗೆ ಬಂದು ಬೀಳುವುದರಿಂದ ತುಂಬುವುದು ಸಾಮಾನ್ಯವಾಗಿ ಅದೇ. 64 ಎಂಬಿ, 128 ಎಂಬಿ ಎಂದು ಬರೆದ ಸಲಹೆಗಳು ಬೇರೆ ಥರದ ಸರ್ವರಿಗೆ. ಧ್ವನಿಯಲ್ಲಿ ದೊಡ್ಡ ಬಫರ್ ಎಂದರೆ ತಡವಾಗಿ ಕೇಳಿಸುವ ಮಾತು, ಒಂದು ದಿಕ್ಕಿಗೆ 150 ಮಿಲಿಸೆಕೆಂಡ್ ದಾಟಿದರೆ ಇಬ್ಬರೂ ಒಬ್ಬರ ಮೇಲೊಬ್ಬರು ಮಾತಾಡಲು ಶುರುಮಾಡುತ್ತಾರೆ.

ಒಂದೇ ಕೋರಿನಲ್ಲಿ 'ಸಾಫ್ಟ್' ತುಂಬಿದ್ದರೆ '/ಪ್ರಾಕ್/ಇಂಟರಪ್ಟ್ಸ್' ನೋಡಿ. ಕಾರ್ಡಿಗೆ ಹಲವು ಸರದಿ ಇದ್ದರೆ ಐಆರ್‌ಕ್ಯೂಬ್ಯಾಲೆನ್ಸ್ ಓಡಿಸಿ, ಒಂದೇ ಇದ್ದರೆ ಆರ್‌ಪಿಎಸ್ ಮೂಲಕ ಕೆಲಸವನ್ನು ಬೇರೆ ಕೋರುಗಳಿಗೆ ಹಂಚಿ. ಸಿಪಿಯು ಗವರ್ನರ್ 'ಪವರ್‌ಸೇವ್'ನಲ್ಲಿದ್ದರೆ 'ಪರ್ಫಾರ್ಮೆನ್ಸ್'ಗೆ ತನ್ನಿ. ಸ್ವಾಪ್‌ಗೆ ಬೀಳುತ್ತಿದ್ದರೆ ಈ ಹಂತದಲ್ಲಿ ಮಾತ್ರ ರ‍್ಯಾಮ್ ಬಗ್ಗೆ ಯೋಚಿಸಿ.

## ಹಂತ 10: ಕರೆಂಟ್ ವಾಪಸ್ ಬಂದ ಕ್ಷಣ

ಲೋಡ್ ಎಂದರೆ ಕರೆ ಮಾತ್ರವಲ್ಲ. ಮಂಡ್ಯದ ಹಳ್ಳಿ ಕಡೆಯ ಕಚೇರಿಗಳಲ್ಲಿ ನಾನು ಕಂಡ ಅತಿ ಕೆಟ್ಟ ಕುಸಿತ ಕರೆಯೇ ಇಲ್ಲದ ಹೊತ್ತಿನದು. ಕರೆಂಟ್ ಹೋಗಿ ಬಂತು, 300 ಫೋನು ಒಂದೇ ಸಲ ಎದ್ದು ರಿಜಿಸ್ಟರ್ ಕೇಳಿದವು. ಪ್ರತಿ ಫೋನಿಗೂ ಮೊದಲು 401 (ಪಾಸ್‌ವರ್ಡ್ ಕೊಡು) ಹೇಳಿ, ಪಾಸ್‌ವರ್ಡ್ ಸಮೇತ ಮತ್ತೆ ಕೇಳಿಸಿಕೊಳ್ಳಬೇಕು. ಅರ್ಧ ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ಫೋನು ಅದೇ ಸಂದೇಶ ಮತ್ತೆ ಕಳಿಸುತ್ತದೆ, ಆಮೇಲೆ 1 ಸೆಕೆಂಡಿಗೆ, 2ಕ್ಕೆ, ಅದಾದ ಮೇಲೆ 4 ಸೆಕೆಂಡಿಗೊಮ್ಮೆ, ಒಟ್ಟು 32 ಸೆಕೆಂಡಿನವರೆಗೆ. ಸರ್ವರ್ ನಿಧಾನವಾದಷ್ಟೂ ಸಂದೇಶ ಹೆಚ್ಚು, ಹೆಚ್ಚಾದಷ್ಟೂ ನಿಧಾನ.

ಪಿಓಇ ಸ್ವಿಚ್ಚುಗಳನ್ನು (ಫೋನಿಗೆ ಕೇಬಲಿನಲ್ಲೇ ಕರೆಂಟ್ ಕೊಡುವವು) ಮಹಡಿಗೊಂದರಂತೆ ಒಂದೆರಡು ನಿಮಿಷ ಬಿಟ್ಟು ಏಳುವಂತೆ ಇಡಿ. ರಿಜಿಸ್ಟ್ರೇಷನ್ ಅವಧಿಯನ್ನು 60 ಸೆಕೆಂಡಿಗೆ ಇಟ್ಟಿದ್ದರೆ ಒಳಜಾಲದ ಫೋನುಗಳಿಗೆ 1800 ಅಥವಾ 3600 ಮಾಡಿ, ಎನ್‌ಎಟಿ ಹಿಂದಿನವನ್ನು ಹಾಗೇ ಬಿಡಿ. 'ಕ್ವಾಲಿಫೈ_ಫ್ರೀಕ್ವೆನ್ಸಿ' (ಫೋನು ಇದೆಯೇ ಎಂದು ಸರ್ವರ್ ಕೇಳುವ ಅಂತರ) 10 ಸೆಕೆಂಡ್ ಬೇಕಿಲ್ಲ, 60 ಸಾಕು.

ಎಸ್‌ಎನ್‌ಗ್ರೆಪ್ ತೆರೆದಾಗ ನಿಮ್ಮದಲ್ಲದ ವಿಳಾಸಗಳಿಂದ ಸಾಲುಗಟ್ಟಿ ರಿಜಿಸ್ಟರ್, ಇನ್ವೈಟ್ ಬರುತ್ತಿದ್ದರೆ ಅವು ಪಾಸ್‌ವರ್ಡ್ ಹುಡುಕುವ ರೋಬಾಟುಗಳು. 5060ನ್ನು ಟ್ರಂಕಿನ ವಿಳಾಸಕ್ಕೆ, ನಿಮ್ಮ ಶಾಖೆಗಳಿಗೆ ಮಾತ್ರ ಫೈರ್‌ವಾಲಿನಲ್ಲಿ ಬಿಡಿ. ಮನೆಯಿಂದ ಕೆಲಸ ಮಾಡುವವರಿಗೆ ವಿಪಿಎನ್ ಕೊಡಿ. ಫೇಲ್‌ಟುಬ್ಯಾನ್ (ತಪ್ಪು ಪಾಸ್‌ವರ್ಡ್ ಹೊಡೆಯುವ ವಿಳಾಸಗಳನ್ನು ತಡೆಯುವ ಪ್ರೋಗ್ರಾಂ) ಒಳ್ಳೆಯದೇ, ಆದರೆ ಅದು ಲಾಗ್ ಓದಿದ ಮೇಲೆ ಎಚ್ಚರಾಗುತ್ತದೆ.

## ಹಂತ 11: ಸಿಪ್‌ಪಿ ಪರೀಕ್ಷೆ

ರಾತ್ರಿ ಮಾಡಿ. ಒಂದು ಸಿಪ್‌ಪಿ ಕರೆ ಮಾಡಲಿ, ಇನ್ನೊಂದು ಏಜೆಂಟಿನ ಜಾಗದಲ್ಲಿ ಎತ್ತಲಿ, ನಡುವೆ ನಿಮ್ಮ ಸರ್ವರ್. ನಿಜವಾದ ಟ್ರಂಕಿನ ಕಡೆಗೆ ಸಿಪ್‌ಪಿ ತಿರುಗಿಸಬೇಡಿ. ಬಿಲ್ಲೂ ಬರುತ್ತದೆ, ಕಂಪನಿಯವರು ಲೈನೂ ಕತ್ತರಿಸುತ್ತಾರೆ.

'-ಆರ್' ಸೆಕೆಂಡಿಗೆ ಎಷ್ಟು ಹೊಸ ಕರೆ, '-ಎಲ್' ಒಟ್ಟಿಗೆ ಗರಿಷ್ಠ ಎಷ್ಟು, '-ಡಿ' ಕರೆಯ ಅವಧಿ ಮಿಲಿಸೆಕೆಂಡಿನಲ್ಲಿ. ಮೊದಲು 2, 50, 180000. ಹದಿನೈದು ನಿಮಿಷ ಬಿಡಿ. ಆಮೇಲೆ 25 ಹೆಚ್ಚಿಸುತ್ತಾ ಹೋಗಿ. ಸಿಪ್‌ಪಿಯ ಸಾದಾ 'ಯುಎಸಿ' ಸನ್ನಿವೇಶದಲ್ಲಿ ಧ್ವನಿಯೇ ಇರುವುದಿಲ್ಲ, ಅದರಲ್ಲಿ ಸಾವಿರ ಕರೆ ತಡೆದುಕೊಂಡಿತು ಎಂದು ಹಿಗ್ಗಿದವರಿದ್ದಾರೆ. 'ಯುಎಸಿ_ಪಿಕ್ಯಾಪ್' ಬಳಸಿ, ಧ್ವನಿ ಓಡಲಿ. ಎತ್ತುವ ಕಡೆಯ ಸಿಪ್‌ಪಿಗೆ '-ಆರ್‌ಟಿಪಿ_ಎಕೋ' ಕೊಟ್ಟರೆ ಬಂದ ಧ್ವನಿ ವಾಪಸ್ ಹೋಗುತ್ತದೆ, ಲೋಡ್ ಎರಡೂ ದಿಕ್ಕಿನಲ್ಲಿ ಬೀಳುತ್ತದೆ. ರೆಕಾರ್ಡಿಂಗ್, ಕ್ಯೂ, ಎಜಿಐ ಎಲ್ಲ ಹಗಲಿನಂತೆಯೇ ಆನ್ ಇರಲಿ.

ಪರೀಕ್ಷೆ ನಡೆಯುತ್ತಿರುವಾಗ ನಿಜವಾದ ಎರಡು ಫೋನಿನಿಂದ ಯಾರಾದರೂ ಮಾತಾಡುತ್ತಿರಬೇಕು. ಒಂದರಿಂದ ನೂರರವರೆಗೆ ಎಣಿಸಲು ಹೇಳಿ, ಅಂಕಿ ನುಂಗಿದರೆ ತಕ್ಷಣ ಕಿವಿಗೆ ತಿಳಿಯುತ್ತದೆ. ಎಣಿಕೆ ತಪ್ಪಿದಾಗ, ಯಾವುದೇ ಕೋರ್ 80% ದಾಟಿದಾಗ, ಅಥವಾ ಟಾಸ್ಕ್‌ಪ್ರೊಸೆಸರ್ ಎಚ್ಚರಿಕೆ ಬಂದಾಗ ನಿಲ್ಲಿಸಿ, ಆಗಿನ ಕರೆಗಳ ಸಂಖ್ಯೆ ಬರೆದುಕೊಳ್ಳಿ. ಅದರ 70% ನಿಮ್ಮ ಮ್ಯಾಕ್ಸ್‌ಕಾಲ್ಸ್. ಹಂತ 1ರಲ್ಲಿ ಬಂದ ಅಂಕಿ ಇದಕ್ಕಿಂತ ದೊಡ್ಡದಾಗಿದ್ದರೆ ಈಗ ಯಂತ್ರದ ಮಾತು ಎತ್ತಬಹುದು. ನನ್ನ ಕೇಳಿದರೆ ಒಂದು ದೊಡ್ಡ ಸರ್ವರಿಗಿಂತ ಎರಡು ಸಣ್ಣವು, ಮುಂದೆ ಕರೆಗಳನ್ನು ಹಂಚಲು ಕಮೈಲಿಯೋ ಎಂಬ ಸಿಪ್ ಸರ್ವರ್.

## ಜನ ಮುಗಿಬೀಳುವ ದಿನ

ಎರಡು ದಿನ ಮುಂಚೆಯೇ ಬದಲಾವಣೆ ನಿಲ್ಲಿಸಿ, ಅಪ್‌ಡೇಟ್ ಕೂಡ ಬೇಡ. ಆ ದಿನ ಬೆಳಿಗ್ಗೆ ಡೀಬಗ್ ಆಫ್ ಇದೆಯೇ, ಡಿಸ್ಕಿನಲ್ಲಿ ಜಾಗ ಇದೆಯೇ ನೋಡಿ. ಎಂಪಿಸ್ಟ್ಯಾಟ್ ಒಂದು ಕಿಟಕಿ, ಚಾನೆಲ್ ಕೌಂಟ್ ಇನ್ನೊಂದು, ಲಾಗ್ ಮೂರನೆಯದು. ತೊಂದರೆ ಕಂಡರೆ ಮೊದಲು ಕೈಬಿಡಬೇಕಾದ್ದು ರೆಕಾರ್ಡಿಂಗ್, ಆಮೇಲೆ ಡ್ಯಾಶ್‌ಬೋರ್ಡ್, ಕೊನೆಗೆ ಕ್ಯೂನಲ್ಲಿ ಕಾಯಬಹುದಾದ ಜನರ ಸಂಖ್ಯೆ ಇಳಿಸುವುದು. ರೀಸ್ಟಾರ್ಟ್ ಮಾಡಲೇಬೇಕಾಗಿ ಬಂದರೆ 'ಕೋರ್ ರೀಸ್ಟಾರ್ಟ್ ಗ್ರೇಸ್‌ಫುಲಿ' ಹೊಡೆಯಿರಿ, ನಡೆಯುತ್ತಿರುವ ಮಾತು ಮುಗಿಯುವವರೆಗೆ ಅದು ಕಾಯುತ್ತದೆ. ಅಷ್ಟು ಹೊತ್ತು ಹೊಸ ಕರೆ ತೆಗೆದುಕೊಳ್ಳುವುದಿಲ್ಲ, ಅದನ್ನು ಮ್ಯಾನೇಜರಿಗೆ ಮೊದಲು ಹೇಳಿ ಆಮೇಲೆ ಎಂಟರ್ ಒತ್ತಿ.